ಯುದ್ಧದಲ್ಲಿ ಮನೆಯವರನ್ನು ಕಳೆದುಕೊಂಡ ಹುಡುಗನಿಗೆ ಪರವೂರಿನ ಹೆಂಗಸು ಆಸರೆ ಕೊಡುವ ಇರಾನಿ ಸಿನಿಮಾ ಯಾವುದು?

ಅದು ಬಹ್ರಾಮ್ ಬೇಜಾಯಿ ಅವರ ‘ಬಾಶು’. ಇರಾನ್-ಇರಾಕ್ ಯುದ್ಧದ ಬಾಂಬ್ ದಾಳಿಗೆ ಹೆದರಿ ಹುಡುಗ ಇರಾನಿನ ದಕ್ಷಿಣದ ಖುಜೆಸ್ತಾನದಲ್ಲಿ ಲಾರಿ ಹತ್ತುತ್ತಾನೆ, ಇಳಿಯುವುದು ದೂರದ ಉತ್ತರದಲ್ಲಿ, ಗಿಲಾನ್‌ನ ಹಸಿರು ಗದ್ದೆಗಳ ಊರಿನಲ್ಲಿ. ಅಲ್ಲಿ ಗಂಡ ಊರಲ್ಲಿಲ್ಲದ, ಇಬ್ಬರು ಮಕ್ಕಳ ತಾಯಿಯೊಬ್ಬಳು ಅವನಿಗೆ ಅನ್ನ ಹಾಕುತ್ತಾಳೆ. ಆ ತಾಯಿಯಾಗಿ ಸೂಸನ್ ತಸ್ಲೀಮಿ ಅವರ ನಟನೆ ಮರೆಯೋಕಾಗಲ್ಲ. ಅವನದು ಅರಬ್ಬಿ, ಅವಳದು ಗಿಲಕಿ, ಒಬ್ಬರ ಮಾತು ಒಬ್ಬರಿಗೆ ತಿಳಿಯಲ್ಲ. ಅವನ ಮೈ ಕಪ್ಪು ಅಂತ ಊರವರು ದೂರುತ್ತಾರೆ, ಅವಳೂ ಮೊದಲು ಸೋಪು ಹಚ್ಚಿ ಉಜ್ಜಿ ನೋಡುತ್ತಾಳೆ! ಹುಡುಗರ ಜಗಳದ ನಡುವೆ ಅವನು ಶಾಲೆಪುಸ್ತಕ ಎತ್ತಿಕೊಂಡು, ನಾವೆಲ್ಲ ಇರಾನಿನ ಮಕ್ಕಳು ಅಂತ ಪಾರಸಿಯಲ್ಲಿ ಓದುವ ದೃಶ್ಯ ನನಗೆ ಎಲ್ಲಕ್ಕಿಂತ ಇಷ್ಟ, ಅವನಿಗೂ ಆ ಊರಿಗೂ ನಡುವೆ ಇದ್ದ ಒಂದೇ ಸೇತುವೆ ಆ ಪಾಠದ ಭಾಷೆ ಅಲ್ವಾ. ಯುದ್ಧ ಮುಗಿದ ಮೇಲೆ, 1989ರಲ್ಲಷ್ಟೇ ಸಿನಿಮಾ ಬಿಡುಗಡೆಯಾಯಿತು. ಖಂಡಿತ ನೋಡಿ.