ಕೆಎ 07 ಗಾಡಿ, ಹಿಂದೂಪುರದ ದಾರಿ

ಹಿಂದೂಪುರದ ದಾರಿಯಲ್ಲಿ ಆಂಧ್ರದ ಪೊಲೀಸರು ನನ್ನ ಗಾಡಿಯನ್ನು ತಡೆದರೆಂದು ಹೇಳಿದ್ದಕ್ಕೆ, ಪೊಲೀಸರು ಸುಮ್ಮಸುಮ್ಮನೆ ಯಾರನ್ನೂ ತಡೆಯುವುದಿಲ್ಲ, ನಿಮ್ಮ ಕಡೆಯವರು ಏನಾದರೂ ಮಾಡಿರಲೇಬೇಕು ಎಂದು ನೀವು ನಗುತ್ತಲೇ ಕೇಳಿದ್ದೀರಿ. ಧಾರವಾಡದಲ್ಲಿರುವವರಿಗೆ ಹಾಗೆ ತೋರುವುದು ಸಹಜ. ಗೌರಿಬಿದನೂರಿನ ನಮಗೆ ಹಿಂದೂಪುರವೆಂದರೆ ಸಂತೆಯ ಊರು, ಬೀಗರ ಊರು. ಅದು ಬೇರೆ ರಾಜ್ಯವೆಂಬುದು ನೆನಪಾಗುವುದು ಖಾಕಿ ಕಂಡಾಗ ಮಾತ್ರ.

ಅನುಮಾನಕ್ಕೆ ಕಾರಣವೇ ಇಲ್ಲವೆಂದು ನಾನು ವಾದಿಸುವುದಿಲ್ಲ. 2019ರ ನಂತರ ಆಂಧ್ರದಲ್ಲಿ ಮದ್ಯದಂಗಡಿಗಳನ್ನು ಸರ್ಕಾರವೇ ವಹಿಸಿಕೊಂಡು ಬೆಲೆಯನ್ನು ವಿಪರೀತವಾಗಿ ಏರಿಸಿದಾಗ, ನಮ್ಮ ಕಡೆಯ ಅಗ್ಗದ ಟೆಟ್ರಾ ಪ್ಯಾಕ್‌ಗಳು ಸ್ಕೂಟರಿನ ಡಿಕ್ಕಿಯಲ್ಲಿಯೂ ತರಕಾರಿ ಚೀಲದ ಅಡಿಯಲ್ಲಿಯೂ ಗಡಿ ದಾಟತೊಡಗಿದವು. 2024ರ ಅಕ್ಟೋಬರಿನಲ್ಲಿ ಅಲ್ಲಿ ಖಾಸಗಿ ಅಂಗಡಿಗಳು ಮತ್ತೆ ಬಂದವು, ಆದರೆ ಕೆಎ ಗಾಡಿಯ ಹಿಂದೆ ಪೆಟ್ಟಿಗೆ ಕಂಡರೆ ಕೈ ಅಡ್ಡ ಹಿಡಿಯುವ ರೂಢಿ ಹೋಗಲಿಲ್ಲ.

ತಂಗಿಯ ಸೀಮಂತಕ್ಕೆಂದು ಅಮ್ಮ ಕಜ್ಜಾಯ, ಚಕ್ಕುಲಿ ತುಂಬಿಕೊಟ್ಟ ರಟ್ಟಿನ ಪೆಟ್ಟಿಗೆ ವೈನ್ ಶಾಪಿನದಾಗಿತ್ತು. ಮನೆ ಬದಲಿಸುವವರು ಕೂಡ ಹುಡುಕಿಕೊಂಡು ಹೋಗುವುದು ಅದನ್ನೇ, ಏಕೆಂದರೆ ಅಷ್ಟು ಗಟ್ಟಿಯಾದ ರಟ್ಟು ಬೇರೆ ಅಂಗಡಿಯಲ್ಲಿ ಸಿಗುವುದಿಲ್ಲ. ಗಡಿಯಾಚೆ ನಿಂತಿದ್ದ ಪೇದೆಯೊಬ್ಬರು ಅದರ ಮೇಲಿನ ಅಕ್ಷರಗಳನ್ನು ಓದಿ, ಗಾಡಿಯನ್ನು ಬದಿಗೆ ಹಾಕಿಸಿ, ದಾರ ಬಿಚ್ಚಿಸಿದರು. ಮೇಲೆ ಹಾಸಿದ್ದ ಬಾಳೆಲೆಯನ್ನು ಲಾಠಿಯ ತುದಿಯಿಂದ ಸರಿಸಿ, ಕಜ್ಜಾಯವನ್ನು ಪದರ ಪದರವಾಗಿ ಎತ್ತಿಸಿ, ತಳದ ರಟ್ಟು ಕಾಣುವವರೆಗೆ ನೋಡಿದರು. ವಿಚಾರಣೆಯೆಲ್ಲ ಕನ್ನಡದಲ್ಲಿಯೇ ನಡೆಯಿತೆಂದರೆ ನೀವು ನಂಬಲಿಕ್ಕಿಲ್ಲ. ಹಿಂದೂಪುರದ ಸುತ್ತಮುತ್ತ ಕನ್ನಡ ಬಲ್ಲವರಿಗೆ ಬರವಿಲ್ಲ.

ಅಲ್ಲಿಗೆ ಮುಗಿಯಬೇಕಾಗಿದ್ದ ಮಾತು ಕಾಗದಪತ್ರಕ್ಕೆ ತಿರುಗಿತು, ನನ್ನ ನಿತ್ಯದ ತಲೆನೋವು ಇರುವುದೂ ಅಲ್ಲಿಯೇ. ನನ್ನ ಗಾಡಿ ಹಳೆಯದು, ಕೆಎ 07, ನೋಂದಣಿ ಪತ್ರವಾದ ಆರ್‌ಸಿಯಲ್ಲಿರುವುದು ಕೋಲಾರ ಜಿಲ್ಲೆ. 2007ರಲ್ಲಿ ಕೋಲಾರವನ್ನು ಒಡೆದು ಚಿಕ್ಕಬಳ್ಳಾಪುರ ಜಿಲ್ಲೆಯನ್ನು ಮಾಡಿದ್ದರಿಂದ ಆಧಾರ್ ಕಾರ್ಡಿನಲ್ಲಿ ಅದೇ ಬೀದಿ, ಅದೇ ಮನೆ, ಆದರೆ ಜಿಲ್ಲೆ ಬೇರೆ. ನಮ್ಮ ಜಿಲ್ಲೆಗೆ ಕೆಎ 40 ಬಂದಿರುವಾಗ ಈ ಗಾಡಿ ಯಾರದು, ಎಲ್ಲಿಂದ ತಂದದ್ದು ಎಂಬ ಪ್ರಶ್ನೆಗೆ ಜಿಲ್ಲಾ ವಿಭಜನೆಯ ಚರಿತ್ರೆಯನ್ನು ರಸ್ತೆಬದಿಯಲ್ಲಿ ನಿಂತು ಒಪ್ಪಿಸಬೇಕಾಯಿತು. ಮೊಬೈಲಿನಲ್ಲಿ ತೋರಿಸುವ ಸರ್ಕಾರಿ ಡಿಜಿಲಾಕರಿನ ಪ್ರತಿ ಕಾನೂನುಬದ್ಧವಾದದ್ದು ನಿಜ, ಆದರೆ ಅದರಲ್ಲಿಯೂ ಇರುವುದು ಅದೇ ಕೋಲಾರ.

ಕೊನೆಗೆ ನನ್ನನ್ನು ಗುರುತಿಸಲೆಂದು ತಂಗಿಯ ಗಂಡ ಬಂದ. ಅವನ ಬೈಕು ಎಪಿ 02, ಆರ್‌ಸಿಯಲ್ಲಿ ಅನಂತಪುರ ಜಿಲ್ಲೆ. 2022ರ ಏಪ್ರಿಲ್‌ನಿಂದ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವುದರಿಂದ ಅವನ ಆಧಾರ್ ಇನ್ನೊಂದು ಹೇಳುತ್ತದೆ. ಸಾಕ್ಷಿಗೆ ಬಂದವನ ಕಾಗದವೂ ಕೂಡಿಬರದಿರುವುದನ್ನು ಕಂಡು ಪೇದೆ ಸಾಹೇಬರು ಮೊದಲ ಬಾರಿಗೆ ನಕ್ಕರು. ಅವರ ಸ್ವಂತ ಗಾಡಿಯ ಆರ್‌ಸಿಯಲ್ಲಿಯೂ ಅನಂತಪುರವೇ ಇದೆಯಂತೆ. ಬಿಟ್ಟು ಕಳಿಸಿದರು. ಕಜ್ಜಾಯ ಕೊಟ್ಟರೆ ತೆಗೆದುಕೊಳ್ಳಲಿಲ್ಲ, ಅದನ್ನೂ ಹೇಳಬೇಕು.

ವಿಳಾಸ ತಿದ್ದಿಸಿಕೊಂಡರೆ ತೀರಿತಲ್ಲ ಎಂದು ನೀವು ಕೇಳಬಹುದು. ಮೋಟಾರು ವಾಹನ ಕಾಯ್ದೆಯ 49ನೇ ಕಲಮು ವಾಸಸ್ಥಳ ಬದಲಿಸಿದವನು 30 ದಿನಗಳೊಳಗೆ ತಿಳಿಸಬೇಕೆನ್ನುತ್ತದೆ. ನಾನು ಮನೆ ಬದಲಿಸಿದವನಲ್ಲ. ನಮ್ಮಪ್ಪ ಕಟ್ಟಿಸಿದ ಮನೆಯಲ್ಲಿಯೇ ಇದ್ದೇನೆ. ಜಿಲ್ಲೆ ಒಡೆದವರು ಮಾಡಬೇಕಾದ ತಿದ್ದುಪಡಿಗೆ ನಾನು ಶುಲ್ಕ ಕಟ್ಟಿ, ಒಂದು ದಿನದ ಕೆಲಸ ಬಿಟ್ಟು, ಚಿಕ್ಕಬಳ್ಳಾಪುರದಲ್ಲಿ ಸರದಿಯಲ್ಲಿ ಏಕೆ ನಿಲ್ಲಬೇಕು? ನಿಲ್ಲಿಸಿದರೆ ನಿಲ್ಲಿಸಲಿ, ಮತ್ತೆ ಹೇಳುತ್ತೇನೆ. ಅಮ್ಮನಂತೂ ತೊಟ್ಟಿಲು ಶಾಸ್ತ್ರಕ್ಕೆ ಈಗಲೇ ಅದೇ ಅಂಗಡಿಯ ಇನ್ನೊಂದು ಪೆಟ್ಟಿಗೆಯನ್ನು ತರಿಸಿಟ್ಟಿದ್ದಾಳೆ. ಬಿಸ್ಕತ್ತಿನ ಪೆಟ್ಟಿಗೆ ತರುತ್ತೇನೆಂದರೆ ಅದು ತೆಳು, ಚಕ್ಕುಲಿ ಮುರಿಯುತ್ತದೆ ಎನ್ನುತ್ತಾಳೆ.