ಎಂಆರ್‌ಐನಲ್ಲಿ ಡಿಸ್ಕ್ ಉಬ್ಬಿದೆ, ಆದರೆ ನೋವಿರುವುದು ಪಿರ್ರೆಯಲ್ಲಿ. ಆಪರೇಷನ್ ಬೇಕಾ?

ಎಲ್4-ಎಲ್5 ಡಿಸ್ಕ್ (ಸೊಂಟದ ಕೊನೆಯ ಎರಡು ಮೂಳೆಗಳ ನಡುವಿನ ಮೆತ್ತೆ) ಸ್ವಲ್ಪ ಉಬ್ಬಿದೆ ಅಂತ ರಿಪೋರ್ಟ್ ಬಂದಿದೆ, ಆದರೆ ಬೆನ್ನು ನೋಯುವುದಿಲ್ಲ. ಬಲ ಪಿರ್ರೆಯಲ್ಲಿ ನೋವು, ಕಾರು ಓಡಿಸಲು ಕೂತರೆ ಅರ್ಧ ಗಂಟೆಗೆಲ್ಲ ಕಾಲಿನವರೆಗೂ ಜೋಮು, ಎದ್ದು ಓಡಾಡಿದರೆ ಕಡಿಮೆ ಅಂತ ಬರೆದಿದ್ದೀರಿ. ನಾನು ಫಿಸಿಯೋಥೆರಪಿಸ್ಟ್. ಪಿರ್ರೆಯನ್ನು ಮುಟ್ಟಿ ಪರೀಕ್ಷೆ ಮಾಡಿಸದೆ ದಯವಿಟ್ಟು ಆಪರೇಷನ್‌ಗೆ ಒಪ್ಪಬೇಡಿ.

ಪಿರ್ರೆಯ ಆಳದಲ್ಲಿ ಪಿರಿಫಾರ್ಮಿಸ್ ಅಂತ ಒಂದು ಸಣ್ಣ ಸ್ನಾಯು ಇದೆ. ಬೆನ್ನುಮೂಳೆಯ ಬುಡದಿಂದ ಹೊರಟು ಅಡ್ಡಡ್ಡವಾಗಿ ಬಂದು ತೊಡೆಮೂಳೆಯ ಮೇಲ್ತುದಿಗೆ ಸೇರುತ್ತದೆ. ಸೊಂಟದಿಂದ ಕಾಲಿನವರೆಗೂ ಇಳಿಯುವ ದಪ್ಪ ನರವಾದ ಸಯಾಟಿಕ್ ನರ ಹೆಚ್ಚಿನವರಲ್ಲಿ ಇದರ ಕೆಳಗೆ ಹಾದುಹೋಗುತ್ತದೆ. ಕೆಲವರಲ್ಲಿ ಹುಟ್ಟಿನಿಂದಲೇ ನರದ ಒಂದು ಕವಲು ಸ್ನಾಯುವಿನ ಮಧ್ಯೆ ತೂರಿರುತ್ತದೆ. ಸ್ನಾಯು ಬಿಗಿದರೆ, ಬಿದ್ದ ಪೆಟ್ಟಿಗೆ ಊದಿಕೊಂಡರೆ, ಅಥವಾ ಸುತ್ತಲಿನ ನಾರಿನ ಪಟ್ಟಿಗಳು ನರವನ್ನು ಹಿಡಿದುಕೊಂಡರೆ ನರ ಅಲ್ಲೇ ಸಿಕ್ಕಿಕೊಳ್ಳುತ್ತದೆ. ನೋವು ಮಾತ್ರ ಕಾಲಿನುದ್ದಕ್ಕೂ ಇಳಿಯುತ್ತದೆ.

ಇದು ಹೊಸ ಮಾತೇನಲ್ಲ. 1928ರಲ್ಲೇ ಯೋಮನ್ ಎಂಬ ವೈದ್ಯರು ಈ ಸ್ನಾಯುವಿನ ಕಡೆ ಬೆರಳು ತೋರಿಸಿದ್ದರು. 1934ರಲ್ಲಿ ಬೋಸ್ಟನ್‌ನ ಮಿಕ್ಸ್ಟರ್ ಮತ್ತು ಬಾರ್ ಡಿಸ್ಕ್ ಜಾರಿ ನರ ಒತ್ತುವುದನ್ನು ತೋರಿಸಿಕೊಟ್ಟ ಮೇಲೆ ಎಲ್ಲರ ಗಮನ ಡಿಸ್ಕ್ ಕಡೆ ಹೋಯಿತು. ಸಯಾಟಿಕಾದಲ್ಲಿ, ಅಂದರೆ ಈ ನರದ ದಾರಿಯಲ್ಲಿ ಕಾಲಿಗಿಳಿಯುವ ನೋವಿನಲ್ಲಿ, ದೊಡ್ಡ ಪಾಲು ಡಿಸ್ಕ್‌ನದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಡಿಸ್ಕ್ ಉಬ್ಬಿದ ಮಾತ್ರಕ್ಕೆ ನೋವು ಅದರದ್ದೇ ಅಂತಲ್ಲ. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿ ನೋಡಿದರು. ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಡಿಸ್ಕ್ ಉಬ್ಬಿತ್ತು! ಮೇಲಾಗಿ ಬೆನ್ನಿನ ಎಂಆರ್‌ಐನಲ್ಲಿ ಪಿರ್ರೆಯ ಆ ಜಾಗ ಸಾಮಾನ್ಯವಾಗಿ ಸರಿಯಾಗಿ ಕಾಣುವುದೇ ಇಲ್ಲ.

ಪರೀಕ್ಷೆ ಕಷ್ಟದ್ದೇನಲ್ಲ. ರೋಗಿಯನ್ನು ಮಗ್ಗುಲಿಗೆ ಮಲಗಿಸುತ್ತೇನೆ, ನೋವಿರುವ ಕಡೆ ಮೇಲೆ ಬರುವ ಹಾಗೆ. ಬೆನ್ನುಮೂಳೆಯ ಬುಡಕ್ಕೂ ತೊಡೆಯ ಪಕ್ಕದಲ್ಲಿ ಕೈಗೆ ಸಿಗುವ ಉಬ್ಬು ಮೂಳೆಗೂ ನಡುವಿನ ಜಾಗವನ್ನು ಹೆಬ್ಬೆರಳಿನಿಂದ ಆಳವಾಗಿ ಒತ್ತುತ್ತೇನೆ. ಆಮೇಲೆ ಮಂಡಿ ಮಡಚಿ, ಎದೆಯ ಕಡೆ ತಂದು, ಮೇಲಿನ ಮಂಡಿಯನ್ನು ಮಂಚದ ಕಡೆ ಬಗ್ಗಿಸಿ, ಪಾದವನ್ನು ಮೇಲಕ್ಕೆ ಎತ್ತುತ್ತೇನೆ. ಆಗ "ಹಾಂ, ಇದೇ ನೋವು" ಅಂತ ತಾವಾಗಿ ಹೇಳಿದರೆ ಅನುಮಾನ ಗಟ್ಟಿಯಾಗುತ್ತದೆ. ಕೆಮ್ಮಿದಾಗ, ಸೀನಿದಾಗ ಕಾಲಿಗೆ ಚಳಕು ಹೊಡೆದರೆ ಡಿಸ್ಕ್ ಇರಬಹುದು. ಡಿಸ್ಕ್ ನೋವೂ ಕೂತರೆ ಹೆಚ್ಚಬಹುದು, ಹಾಗಾಗಿ ಕೂತಾಗಿನ ನೋವೊಂದನ್ನೇ ನೋಡಿ ತೀರ್ಮಾನ ಮಾಡಬಾರದು.

ಪರೀಕ್ಷೆ ಮಾಡಿಸುವವರೆಗೆ ಹಿಂದಿನ ಜೇಬಿನಲ್ಲಿ ಪರ್ಸ್ ಇಟ್ಟುಕೊಂಡು ಕೂರಬೇಡಿ. ಸುಮ್ನೆ ಹೇಳುತ್ತಿಲ್ಲ, ದಪ್ಪ ಪರ್ಸ್‌ನಿಂದಲೇ ನರ ಒತ್ತಿಹೋದ ಉದಾಹರಣೆಗಳಿವೆ. ಅರ್ಧ ಗಂಟೆ ಆಗುವ ಮೊದಲೇ ಕಾರು ನಿಲ್ಲಿಸಿ ನಾಲ್ಕು ಹೆಜ್ಜೆ ಓಡಾಡಿ. ಅಂಗಾತ ಮಲಗಿ, ಬಲಗಾಲಿನ ಹಿಮ್ಮಡಿಯ ಮೇಲ್ಭಾಗವನ್ನು ಎಡ ಮಂಡಿಯ ಮೇಲಿಟ್ಟು, ಎಡ ತೊಡೆಯನ್ನು ಎದೆಯ ಕಡೆ ನಿಧಾನಕ್ಕೆ ಎಳೆದುಕೊಳ್ಳಿ. ಪಿರ್ರೆಯಲ್ಲಿ ಹಿತವಾದ ಎಳೆತ ಅನಿಸಿದರೆ ಸಾಕು, ಕಾಲಿಗೆ ಜೋಮು ಬಂದರೆ ತಕ್ಷಣ ಬಿಟ್ಟುಬಿಡಿ. ಜತೆಗೆ ಸೊಂಟ, ತೊಡೆಯ ಸ್ನಾಯುಗಳನ್ನು ಗಟ್ಟಿ ಮಾಡುವ ವ್ಯಾಯಾಮವೂ ಬೇಕು, ಅದನ್ನು ಎದುರಿಗೆ ಕಲಿಯುವುದೇ ಒಳ್ಳೆಯದು. ಇದರಿಂದಲೂ ಕಡಿಮೆಯಾಗದಿದ್ದರೆ ವೈದ್ಯರು ಅಲ್ಟ್ರಾಸೌಂಡ್‌ನಲ್ಲಿ ನೋಡಿಕೊಂಡು ಆ ಸ್ನಾಯುವಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ನೋವು ಆಗಲೇ ತಗ್ಗಿದರೆ ಮೂಲ ಅಲ್ಲೇ ಇದೆ ಅನ್ನಲು ಅದೂ ಒಂದು ಆಧಾರ. ನರ ಬಿಡಿಸುವ ಆಪರೇಷನ್ ಬೇಕಾಗುವವರು ತೀರಾ ಕಡಿಮೆ.

ಒಂದು ವಿಷಯದಲ್ಲಿ ಮಾತ್ರ ಕಾಯಬೇಡಿ. ಪಾದ ಎತ್ತಲು ಆಗದೆ ನೆಲಕ್ಕೆ ಎಳೆದರೆ, ತೊಡೆಸಂದು ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಮಲಮೂತ್ರದ ಹಿಡಿತ ತಪ್ಪಿದರೆ ವ್ಯಾಯಾಮ, ಮಾಲೀಶು ಎಲ್ಲ ಬದಿಗಿಟ್ಟು ಆಗಿಂದಾಗಲೇ ಆಸ್ಪತ್ರೆಗೆ ಹೋಗಿ.