ಓದುಗರ ಪ್ರಶ್ನೆ: ಸ್ವೀಡನ್ನಿಗೆ ಹೊರಟ ಮಗಳಿಗೆ ಭಾಷೆಯ ಸಿದ್ಧತೆ

ಪ್ರಶ್ನೆ: ಮಗಳು ವ್ಯಾಸಂಗಕ್ಕಾಗಿ ಉಪ್ಸಾಲಾಕ್ಕೆ ಹೊರಟಿದ್ದಾಳೆ. ಸ್ವೀಡಿಷ್ ನಾಮಪದಗಳ ‘ಎನ್’, ‘ಎತ್’ ಎಂಬ ಲಿಂಗಭೇದವನ್ನು ಹೇಗೆ ಕಲಿಯಬೇಕು? ಅಲ್ಲಿ ಹಿರಿಯರನ್ನು ಹೇಗೆ ಮಾತನಾಡಿಸಬೇಕು?
– ಓದುಗರೊಬ್ಬರು, ತಿಪಟೂರು

ಉತ್ತರ: ಕನ್ನಡದಲ್ಲಿ ಅರ್ಥ ನೋಡಿ ಲಿಂಗ ಹೇಳುವಂತೆ ಸ್ವೀಡಿಷ್‌ನಲ್ಲಿ ಹೇಳಲಾಗದು. ಆದ್ದರಿಂದ ಪುಸ್ತಕಕ್ಕೆ ‘ಎನ್ ಬೂಕ್’, ಮನೆಗೆ ‘ಎತ್ ಹೂಸ್’ ಎಂದು ಜೋಡಿಯಾಗಿಯೇ ಬಾಯಿಪಾಠ ಮಾಡಲಿ. ನಿರ್ದಿಷ್ಟ ಪುಸ್ತಕ ಅಥವಾ ಮನೆಯನ್ನು ಸೂಚಿಸುವಾಗ ಅದೇ ಗುರುತು ಪದದ ಕೊನೆಗೆ ಸೇರಿ ‘ಬೂಕೆನ್’, ‘ಹೂಸೆತ್’ ಆಗುವುದರಿಂದ, ಪ್ರತ್ಯಯಗಳಿಗೆ ಒಗ್ಗಿದ ಕನ್ನಡಿಗರಿಗೆ ಇದು ಬೇಗ ರೂಢಿಯಾಗುತ್ತದೆ.

ಸಂಬೋಧನೆಯ ವಿಷಯದಲ್ಲಿಯೇ ಹೆಚ್ಚು ಅಭ್ಯಾಸ ಬೇಕೆಂದು ನನ್ನ ಅಭಿಪ್ರಾಯ. 1967ರಲ್ಲಿ ಅಲ್ಲಿನ ವೈದ್ಯಕೀಯ ಮಂಡಳಿಯ ಮುಖ್ಯಸ್ಥ ಬ್ರೂರ್ ರೆಕ್ಸೆಡ್ ಸಿಬ್ಬಂದಿಯನ್ನೆಲ್ಲ ‘ದು’ ಎಂಬ ಏಕವಚನದಲ್ಲಿಯೇ ಕರೆಯುವುದಾಗಿ ಸಾರಿದ ಬಳಿಕ ಆ ಪದ್ಧತಿ ಬಲಗೊಂಡಿತು. ಇಂದು ಪ್ರಾಧ್ಯಾಪಕರನ್ನೂ ಹೆಸರು ಹಿಡಿದೇ ಮಾತನಾಡಿಸುತ್ತಾರೆ. ಗೌರವಕ್ಕೆಂದು ‘ನಿ’ ಎಂಬ ಬಹುವಚನ ಬಳಸಿದರೆ ಕೆಲವು ಹಿರಿಯರಿಗೆ ಅದು ದೂರವಿಟ್ಟಂತೆ ತೋರುತ್ತದೆ.